ತಂಗಳ ಕರೆಂಟು

"ಕಾಲು ಮುಂದ ಮಾಡಿ ಒಯ್ಯಬ್ಯಾಡ್ರೋ, ನಾ ಇನ್ನೂ ಸತ್ತಿಲ್ಲ!" ಎಂದು ದೊಡ್ಡವ್ವ ಹೊರಸಿನ ಮೇಲೆ ಮಲಗಿಕೊಂಡೇ ಕೂಗಿದಳು. ಆ ಹೊತ್ತಿಗೆ ನಾವು ಸಂಕಣ್ಣನ ಮನೆಯ ಮೆಟ್ಟಿಲನ್ನು ಅರ್ಧ ಏರಿಯಾಗಿತ್ತು. ಮುಂದೆ ನಾನು, ಹಿಂದೆ ಪಕ್ಕದ ಮನೆಯ ಹೊನ್ನಪ್ಪ, ನಡುವೆ ಹೊರಸು, ಹೊರಸಿನ ಮೇಲೆ ದೊಡ್ಡವ್ವ, ದೊಡ್ಡವ್ವನ ಹೊಟ್ಟೆಯ ಮೇಲೆ ಸಂಡಿಗೆ ಹಿಟ್ಟಿನ ಪಾತೇಲಿ. ಮೆಟ್ಟಿಲಿನ ತಿರುವಿನಲ್ಲಿ ಹೊರಸನ್ನು ಹಿಂದುಮುಂದು ಮಾಡಲು ಹೋಗಿ ಮೂವರೂ ಗೋಡೆಗೆ ಸಿಕ್ಕಿಕೊಂಡೆವು. "ಚನ್ಯಾ, ತಲಿ ಮುಂದ ಮಾಡಂದ್ರ ನನ್ನ ತಲಿ, ನಿಂದಲ್ಲ" ಎಂದಳು ಆಕೆ. ಹೊನ್ನಪ್ಪ ನಕ್ಕ. ನಕ್ಕದ್ದಕ್ಕೆ ಹೊರಸು ವಾಲಿತು. ವಾಲಿದ್ದಕ್ಕೆ ಹಿಟ್ಟು ಅವನ ನೆತ್ತಿಯ ಮೇಲೆ ಇಳಿಯಿತು. ಅಂತೂ ತಲೆ ಮುಂದಾಗಿ ದೊಡ್ಡವ್ವ ಸಂಕಣ್ಣನ ಮಾಳಿಗೆಯನ್ನು ಪ್ರವೇಶ ಮಾಡಿದಳು.

ಮಾಳಿಗೆಯ ಮೇಲೆ ಹೊರಸು ಇಡಲು ಜಾಗವೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನೀಲಿ ಗಾಜಿನ ಹಲಗೆಗಳು ಓರೆಯಾಗಿ ನಿಂತು, ಪಂಕ್ತಿಗೆ ಕೂತವರಂತೆ ಮುಖ ಎತ್ತಿ ಬಿಸಿಲು ಉಣ್ಣುತ್ತಿದ್ದವು. ಅವುಗಳ ನಡುವಿನ ಸಂದುಗಳಲ್ಲಿ ಬೇರೆ ಓಣಿಗಳ ಜನ ಒಂದೇ ಕಾಲಲ್ಲಿ ನಿಂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಒಬ್ಬಳು ತನ್ನ ಕೂಸನ್ನು ಎರಡು ಹಲಗೆಗಳ ಮಧ್ಯೆ ಎತ್ತಿ ಹಿಡಿದು, ತೋಳು ನೊಂದಾಗ ಗಂಡನಿಗೆ ದಾಟಿಸುತ್ತಿದ್ದಳು.

"ಇಲ್ಲೆ, ಈ ಪ್ಲೇಟಿನ ಬುಡಕ ಹಾಕ್ರಿ ಹೊರಸು" ಎಂದ ಸಂಕಣ್ಣ. ಅಗಸಿ ಓಣಿಯ ಹಿರಿಯ ಅವನೇ. "ಗಾಳಿ ಛಲೋ ಬೀಸ್ತೈತಿ, ಬಾಳಕ್ಕ. ತಣ್ಣಗ ಮಲಗು."

ದೊಡ್ಡವ್ವ ಹಲಗೆಯ ಬುಡಕ್ಕೆ ಹೋದಳು. ಮೂಗಿನ ಮೇಲೆ ಒಂದು ಗೇಣು ಎತ್ತರದಲ್ಲಿ ತಗಡು, ತಗಡಿನ ಆಚೆ ಬಿಸಿಲು. ಆಕೆ ಕೆಳಗಿಂದಲೇ ಅಂದಳು: "ಸಂಕಣ್ಣಾ, ಬಿಸಿಲಿಗಂತ ಬಂದು ನೆರಳಾಗ ಮಲಗೂದಾದ್ರ ನಮ್ಮನಿ ಏನು ಕೆಟ್ಟಿತ್ತೋ?"

ನಮ್ಮೂರಲ್ಲಿ ಬಿಸಿಲು ದಿನಕ್ಕೊಂದು ಓಣಿಗೆ ಬರುತ್ತದೆ. ಇವತ್ತು ಅಗಸಿ ಓಣಿ, ನಾಳೆ ಎಣ್ಣೆ ಓಣಿ, ಆಮೇಲೆ ಹುಣಸಿ ಓಣಿ, ಹೀಗೆ ಸುತ್ತು ಹೊಡೆದು ಮತ್ತೆ ಅಗಸಿ ಓಣಿಗೆ. ಮಿಕ್ಕ ಓಣಿಗಳಲ್ಲಿ ಆ ದಿನ ಬೂದಿ ಬಣ್ಣದ ಬೆಳಕಿರುತ್ತದೆ, ಅಷ್ಟೆ. ಪಾಳಿ ಮುಗಿದ ಸಂಜೆ ಮುಂದಿನ ಓಣಿಯ ಹಿರಿಯರು ತಾಟಿನಲ್ಲಿ ಕುಂಕುಮ, ಅಕ್ಕಿಕಾಳು ಇಟ್ಟುಕೊಂಡು ಬಂದು ಬಿಸಿಲನ್ನು ಕರೆದುಕೊಂಡು ಹೋಗುತ್ತಾರೆ. ಬಿಸಿಲು ಯಾವ ಓಣಿಗೆ ಬಂದಿದೆಯೋ ಆ ಓಣಿಯವರು ಊರಿಗೆಲ್ಲ ಬಾಗಿಲು ತೆರೆದಿಡಬೇಕು. ಕೌದಿ ಹೊತ್ತವರು, ಹಪ್ಪಳ ಶಾವಿಗೆಯವರು, ಮೆಣಸಿನಕಾಯಿಯವರು, ಬಾಣಂತಿಯರು, ಮಂಡಿ ಹಿಡಿದ ಮುದುಕರು ಎಲ್ಲ ಮಾಳಿಗೆ ಹತ್ತುತ್ತಾರೆ. ಮನೆಯವರು ಮಜ್ಜಿಗೆ ಕೊಡುತ್ತಾರೆ. ಬಂದವರು ಇಳಿದು ಹೋಗುವಾಗ ಮೆಟ್ಟಿಲ ಬಾಯಲ್ಲಿ ನಿಂತು, "ನಮ್ಮ ಬಿಸಿಲಿಗೆ ಬರ್ರಿ" ಎಂದು ಹೇಳಿ ಇಳಿಯುತ್ತಾರೆ. ಹಾಗೆ ಕರೆದಾಗ ಯಾರೂ ಇಲ್ಲ ಎನ್ನುವಂತಿಲ್ಲ. ಬದ್ಧವೈರಿಗಳೂ ಒಬ್ಬರ ಮಾಳಿಗೆಯ ಮೇಲೆ ಒಬ್ಬರು ಹಪ್ಪಳ ಒಣಗಿಸುತ್ತಾರೆ, ಮಾತಾಡುವುದಿಲ್ಲ, ಅಷ್ಟೆ.

ನಮ್ಮ ಓಣಿಯವರು ಮಾತ್ರ ಆ ಮಾತು ಆಡುವುದಿಲ್ಲ. ನಮ್ಮದು ಸಂದಿ ಓಣಿ. ಪಾಳಿ ಹಂಚಿದ ಕಾಲಕ್ಕೆ ಅದು ಓಣಿಯೇ ಆಗಿರಲಿಲ್ಲವಂತೆ. ಅಗಸಿ ಓಣಿಯ ಹಿತ್ತಲಿಗೂ ಎಣ್ಣೆ ಓಣಿಯ ಹಿತ್ತಲಿಗೂ ನಡುವೆ ಮಳೆನೀರು ಹೋಗಲೆಂದು ಬಿಟ್ಟ ಜಾಗದಲ್ಲಿ ಎಲ್ಲೂ ನೆಲೆ ಸಿಗದವರು ಒಬ್ಬೊಬ್ಬರಾಗಿ ಬಂದು ಮನೆ ಕಟ್ಟಿಕೊಂಡರು. ಬಿಸಿಲಿಗೆ ನಮ್ಮ ವಿಳಾಸ ಗೊತ್ತಿಲ್ಲ. ನಾನು ಬಟ್ಟೆ ಹೊಲಿಯುವವನು. ಬೂದಿ ಬೆಳಕಿನಲ್ಲಿ ಬದನೆ ಬಣ್ಣವೂ ಕಂದು, ಕಂದೂ ಕಪ್ಪು. ಒಮ್ಮೆ ಮದುಮಗಳ ಹಸಿರು ಜಂಪರಿಗೆ ನೀಲಿ ತೋಳು ಹಚ್ಚಿ ಕಳಿಸಿದೆ. ಅಂದಿನಿಂದ ಊರಲ್ಲಿ ನನ್ನ ಹೆಸರು ಹೋಳಿ ಟೇಲರ್. ಟ್ಯೂಬ್‌ಲೈಟು ಹಾಕಿಸಿದೆ, ಅದು ಎಲ್ಲ ಬಣ್ಣವನ್ನೂ ಜ್ವರ ಬಂದವರ ಬಣ್ಣ ಮಾಡಿತು. ಒಂದೇ ಒಂದು ದಿನ ನನ್ನ ಹೊಲಿಗೆ ಯಂತ್ರದ ಮೇಲೆ ಬಿಸಿಲು ಬಿದ್ದರೆ ಸಾಕು, ದಾರದ ಉಂಡೆಗಳನ್ನೆಲ್ಲ ಸಾಲಾಗಿ ಇಟ್ಟು ಅವುಗಳ ನಿಜವಾದ ಮುಖ ನೋಡಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ.

ದೊಡ್ಡವ್ವನ ಆಸೆ ಬೇರೆ. ಆಕೆ ಹರೆಯದಿಂದಲೂ, ಮಂಡಿ ಹಿಡಿದು ಹೊರಸು ಸೇರುವವರೆಗೆ, ಊರಿನ ಎಲ್ಲ ಮಾಳಿಗೆ ಹತ್ತಿದವಳು. ಬಿಸಿಲಿನ ಋಣ ಇಟ್ಟುಕೊಳ್ಳಬಾರದೆಂದು ಆಯಾ ಮನೆಯವರ ಕೌದಿಗಳನ್ನು ಕೋಲಿನಿಂದ ಬಡಿದು ಧೂಳು ತೆಗೆದುಕೊಟ್ಟವಳು. ಇಳಿಯುವಾಗ ಮಾತ್ರ ಎಲ್ಲರೂ "ನಮ್ಮ ಬಿಸಿಲಿಗೆ ಬರ್ರಿ" ಅನ್ನುತ್ತಿದ್ದರೆ ಈಕೆ "ಬರ್ತೀವ್ರಿ" ಎಂದು ನೆಲ ನೋಡಿಕೊಂಡು ಇಳಿಯಬೇಕು. "ಚನ್ಯಾ, ಸಾಯೂದ್ರಾಗ ಒಮ್ಮೆ ಆ ಮೆಟ್ಟಿಲದ ಬಾಯಾಗ ನಿಂತು ಯಾರನ್ನರ ಕರದು ಸಾಯ್ತೀನಿ ನೋಡು" ಎನ್ನುತ್ತಿದ್ದಳು. ಎಲ್ಲಿಗೆ ಕರೆಯುತ್ತೀ ಎಂದು ಕೇಳಿದರೆ ಬೈಯುತ್ತಿದ್ದಳು.

ನೀಲಿ ಹಲಗೆಗಳು ಮೊದಲು ಬಂದದ್ದು ಸಂಕಣ್ಣನ ಮಾಳಿಗೆಗೆ. ಅಲ್ಲಿಯವರೆಗೆ ನಮ್ಮೂರ ಕರೆಂಟು ಎಲ್ಲೋ ದೂರದಿಂದ, ಮನಸ್ಸಾದಾಗ ಬರುತ್ತಿತ್ತು. ಅದಕ್ಕೆ ಮುಖವಿರಲಿಲ್ಲ. ಹಾಗಾಗಿ ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. ಸಂಕಣ್ಣನ ಹಲಗೆಗಳಿಂದ ಇಳಿದ ಕರೆಂಟು ಊರಿನ ತಂತಿಗೆ ಸೇರಿದ ದಿನ ಎಲ್ಲ ಓಣಿಗಳಲ್ಲಿ ಫ್ಯಾನು ತಿರುಗಿದವು. ಸಂಕಣ್ಣ ತನ್ನ ಕಟ್ಟೆಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿದ. "ಗಾಳಿ ಬಂತೇನ್ರಿ? ನಮ್ಮದ ಅದು. ಹೊಟ್ಟಿ ತುಂಬ ತಗೋರಿ, ಸಂಕೋಚ ಬ್ಯಾಡ."

ಎಣ್ಣೆ ಓಣಿಯವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಮದುವೆಯಲ್ಲಿ ಒಬ್ಬರು ಸೀರೆ ಮುಯ್ಯಿ ಮಾಡಿದರೆ ಮುಂದೆ ಅವರ ಮನೆಯ ಮದುವೆಗೆ ಅದಕ್ಕಿಂತ ಒಂದು ಕೈ ಮೇಲಾದ ಸೀರೆ ಒಯ್ಯುವ ಜನ ನಾವು. ಮುಂದಿನ ಸುತ್ತಿನಲ್ಲಿ ತಮ್ಮ ಪಾಳಿ ಬರುವುದರೊಳಗೆ ಅವರು ಸಂಕಣ್ಣನಿಗಿಂತ ಎರಡು ಸಾಲು ಹೆಚ್ಚು ಹಲಗೆ ಹಾಕಿಸಿದರು. ಈಗ ಅಗಸಿ ಓಣಿಯ ಫ್ಯಾನುಗಳು ಎಣ್ಣೆ ಓಣಿಯ ಕರೆಂಟಿನಲ್ಲಿ ತಿರುಗಿದವು. ಸಂಕಣ್ಣ ಆ ದಿನವಿಡೀ ಬೀಸಣಿಗೆಯಿಂದ ಗಾಳಿ ಹಾಕಿಕೊಂಡ. ಮರುದಿನ ಹುಣಸಿ ಓಣಿಯವರು ಹಲಗೆಗಳಿಗಾಗಿ ಹುಣಸೆ ಮರವನ್ನೇ ಕಡಿಸಿದರು, ಓಣಿಯ ಹೆಸರು ಮಾತ್ರ ಉಳಿಯಿತು. ಹೀಗೆ ಸುತ್ತು ಸುತ್ತಿಗೆ ಹಲಗೆ ಬೆಳೆದವು. ದನದ ಕೊಟ್ಟಿಗೆ, ಬಚ್ಚಲುಮನೆ, ಗಡಿಯಾರದ ಗೋಪುರ ಯಾವುದೂ ಉಳಿಯಲಿಲ್ಲ. ಊರು ಉಂಡು ಮಿಕ್ಕ ಕರೆಂಟು ತಂತಿ ಹಿಡಿದು ಹೊರಗೆ ಹೋಯಿತು. ಸುತ್ತಲ ಹಳ್ಳಿಗಳಿಗೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ನಾವು ಕಾಣದ ಊರುಗಳಿಗೆ. ಹಳ್ಳಿಯವರೂ ನಮ್ಮ ಕಡೆಯವರೇ, ಸುಮ್ಮನೆ ಕೂರುತ್ತಾರೆಯೇ? ಒಂದು ದಿನ ಬಾಜಾಬಜಂತ್ರಿಯೊಂದಿಗೆ ಒಂದು ಟ್ರ್ಯಾಕ್ಟರ್ ಕುಂಬಳಕಾಯಿ ಬಂದು ಊರಬಾಗಿಲ ಅಗಸಿಯಲ್ಲಿ ನಿಂತಿತು.

ಇದನ್ನೆಲ್ಲ ನೋಡಲು ಪ್ರಾಂತ್ಯದ ವಿದ್ಯುತ್ ಕಚೇರಿಯಿಂದ ವಿಶಾಲಾಕ್ಷಿ ಎಂಬ ಎಂಜಿನಿಯರು ಬಂದಳು. ತೆಂಕಣ ಕಡೆಯ ಹುಡುಗಿ, ತಲೆಗೆ ಹಳದಿ ಟೊಪ್ಪಿಗೆ, ಕಾಲಿಗೆ ಬೂಟು. ಊರಿನವರು ಆಕೆಯನ್ನು ಬಾಯಾರ ಎಂದು ಕರೆದರು.

"ಇಡೀ ಪ್ರಾಂತ್ಯದಲ್ಲಿ ನಿಮ್ಮಷ್ಟು ಬೇಗ ಯಾರೂ ಬೆಳೆದಿಲ್ಲ, ಯಜಮಾನ್ರೆ" ಎಂದಳು ಸಂಕಣ್ಣನಿಗೆ. "ನಾವು ಬೇರೆ ಕಡೆ ಬೀದಿ ನಾಟಕ ಆಡ್ಸಿದೀವಿ, ರಿಯಾಯಿತಿ ಕೊಟ್ಟಿದೀವಿ, ಆದ್ರೂ ಜನ ಹಾಕಿಸ್ಕೊಳಲ್ಲ. ನೀವು ಏನ್ ಮಾಡಿದ್ರಿ?"

"ನಮಗ ಮರ್ಯಾದಿ ಐತ್ರಿ" ಎಂದ ಸಂಕಣ್ಣ.

ಆಕೆ ಕಚೇರಿಗೆ ಏನು ವರದಿ ಮಾಡಿದಳೋ, ಅವರು ಮೆಚ್ಚಿ ಒಂದು ಹಿತ್ತಾಳೆಯ ಫಲಕ ಕಳಿಸಿದರು. ಸಂಕಣ್ಣ ಅದಕ್ಕಿಂತ ದೊಡ್ಡ ಹಿತ್ತಾಳೆಯ ಫಲಕ ಮಾಡಿಸಿ, ಕಚೇರಿಯ ಹೆಸರು ಕೆತ್ತಿಸಿ, ಕುಂಬಳಕಾಯಿ ಬಂದ ಟ್ರ್ಯಾಕ್ಟರಿನಲ್ಲೇ ವಾಪಸು ಕಳಿಸಿದ.

ವಿಶಾಲಾಕ್ಷಿಗೆ ಕಷ್ಟ ಶುರುವಾದದ್ದು ಆಮೇಲೆ. ಮಾಳಿಗೆಗಳಲ್ಲಿ ಜಾಗವಿಲ್ಲದೆ ಹೆಂಗಸರು ಹಲಗೆಗಳ ಮೇಲೇ ಸಂಡಿಗೆ ಇಟ್ಟರು. ಗಾಜು ಕಾದಿರುತ್ತದೆ, ಸಂಡಿಗೆ ಬೇಗ ಒಣಗುತ್ತದೆ, ಕೆಳಗೆ ಕರೆಂಟೂ ಆಗುತ್ತದೆ, ಎರಡೂ ಕೆಲಸ ಒಂದೇ ಏಟಿಗೆ. ಕರೆಂಟು ಯಾಕೆ ಇಳಿಯಿತೆಂದು ಮಾಳಿಗೆ ಹತ್ತಿದ ವಿಶಾಲಾಕ್ಷಿ ಚಾಕು ಹಿಡಿದು ಕೂತು ಸಾಬೂದಾನಿ ಸಂಡಿಗೆ ಕೆರೆದಳು. ಸಂಕಣ್ಣನ ಹೆಂಡತಿ ನೀಲವ್ವ ಕೆಳಗಿನಿಂದ, "ಬಾಯಾರ, ಅರ್ಧ ಒಣಗಿದ್ದ ತಿನ್ನಬ್ಯಾಡ್ರಿ, ಹೊಟ್ಟಿ ಕಡೀತೈತಿ" ಎಂದು ಎಚ್ಚರಿಸಿದಳು.

ಅದಕ್ಕಿಂತ ದೊಡ್ಡ ತೊಂದರೆ ಸಂಜೆಯದು. ಮಧ್ಯಾಹ್ನ ಕರೆಂಟು ಉಕ್ಕಿ ಹರಿಯುತ್ತಿತ್ತು. ಬಡಿಸಿದ್ದನ್ನು ಎಲೆಯಲ್ಲಿ ಬಿಟ್ಟೇಳುವುದು ಬಡಿಸಿದವರಿಗೆ ಅವಮಾನ, ಆದ್ದರಿಂದ ಜನ ಖಾಲಿ ಕೋಣೆಗಳಲ್ಲಿ ಫ್ಯಾನು ಹಾಕಿದರು, ಹಿಟ್ಟಿಲ್ಲದೆ ಗ್ರೈಂಡರು ತಿರುಗಿಸಿದರು, ಇಸ್ತ್ರಿಯಾದ ಬಟ್ಟೆಗೆ ಮತ್ತೆ ಇಸ್ತ್ರಿ ಹಾಕಿದರು. ಬಿಸಿಲು ಇಳಿದದ್ದೇ ಎಲ್ಲ ನಿಂತುಹೋಗುತ್ತಿತ್ತು. ಹೊರಗಿನ ಕರೆಂಟು ಸಂಜೆಗೂ ಇತ್ತು. ಆದರೆ ಅದನ್ನು ಉಂಡರೆ ಮುಯ್ಯಿ ಯಾರ ಮನೆಗೆ ಒಯ್ಯಬೇಕು? ಮೊದಲಾದರೆ ಯಾರೂ ಕೇಳುತ್ತಿರಲಿಲ್ಲ, ಈಗ ಕೇಳುವ ಚಟ ಹತ್ತಿತ್ತು. ಉತ್ತರ ಸಿಗಲಿಲ್ಲ. ಹಾಗಾಗಿ ಸೂರ್ಯ ಮುಳುಗಿದ ಕೂಡಲೇ ಊರಿಗೆ ಊರೇ ಮೇನ್ ಸ್ವಿಚ್ಚು ಆರಿಸಿ, ಮರ್ಯಾದೆಯಿಂದ ಕತ್ತಲಲ್ಲಿ ಕೂರುತ್ತಿತ್ತು.

ವಿಶಾಲಾಕ್ಷಿ ಗಡಿಯಾರದ ಕಟ್ಟೆಯಲ್ಲಿ ಸಭೆ ಕರೆದಳು. ದೊಡ್ಡವ್ವನ ಹೊರಸನ್ನು ನಾನೂ ಹೊನ್ನಪ್ಪನೂ ಹೊತ್ತು ತಂದೆವು. "ಹಗಲು ಹೆಚ್ಚಾಗಿದ್ದನ್ನ ಬ್ಯಾಟರಿಯಲ್ಲಿ ಇಟ್ಕೊಂಡು ಸಂಜೆ ಕೊಡೋಣ" ಎಂದಳು ಆಕೆ. "ಪ್ರಾಂತ್ಯಕ್ಕೆಲ್ಲ ಇದೇ ತೊಂದ್ರೆ. ನಿಮ್ಮೂರಲ್ಲಿ ಸರಿ ಹೋದ್ರೆ ಎಲ್ಲಾ ಕಡೆ ಮಾಡ್ತೀವಿ. ಒಂದು ತಂಪಾದ ಜಾಗ ಬೇಕು. ಯಾರು ಕೊಡ್ತೀರಿ?"

 ಸಂಕಣ್ಣ ಗಂಟಲು ಸರಿಮಾಡಿಕೊಂಡ. "ಬಾಯಾರ, ತಪ್ಪು ತಿಳೀಬ್ಯಾಡ್ರಿ. ಮಧ್ಯಾಹ್ನ ಮಾಡಿದ ಕರೆಂಟ್ ಎತ್ತಿಟ್ಟು ರಾತ್ರಿ ಬಡಿಸೂದಂದ್ರ, ಅದು ತಂಗಳ ಅಲ್ಲೇನ್ರಿ?"

"ಅಯ್ಯೋ, ಕೆಡಲ್ಲ ಯಜಮಾನ್ರೆ!"

"ತಂಗಳ ಅನ್ನಾನೂ ಕೆಟ್ಟಿರೂದಿಲ್ರಿ. ಹಂಗಂತ ಬೀಗರಿಗೆ ಬಡಸ್ತೀವೇನು?"

ಕಟ್ಟೆಯ ಮೇಲಿದ್ದವರೆಲ್ಲ ತಲೆದೂಗಿದರು. ಎಣ್ಣೆ ಓಣಿಯ ಹಿರಿಯರು, ತಮ್ಮ ವಂಶದಲ್ಲಿ ಇಂದಿನವರೆಗೆ ಯಾರೂ ತಂಗಳು ಬಡಿಸಿಲ್ಲ ಎಂದರು. ಹುಣಸಿ ಓಣಿಯವರು, ಬಡಿಸುವುದಿರಲಿ, ಇಟ್ಟುಕೊಂಡೂ ಇಲ್ಲ ಎಂದರು. ವಿಶಾಲಾಕ್ಷಿ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಟೊಪ್ಪಿಗೆಯಿಲ್ಲದೆ ಆಕೆ ತೀರ ಚಿಕ್ಕವಳಾಗಿ ಕಂಡಳು.

"ನಮ್ಮನಿಯಾಗ ಇಡವಾ" ಎಂದಿತು ಹೊರಸು. "ನಾವು ತಂಗಳ ರೊಟ್ಟಿ ಉಂಡ ಬೆಳದೀವಿ. ನಮ್ಮ ಓಣಿಯಾಗ ಹಾಲಿಟ್ರ ಹಾಲು ಒಡಿಯೂದಿಲ್ಲ. ಕರೆಂಟ್ ಹ್ಯಾಂಗ ಕೆಡ್ತೈತಿ ನೋಡೇ ಬಿಡ್ತೀನಿ."

ಜನ ನಕ್ಕರು. ಸಂಕಣ್ಣನೂ ನಕ್ಕ. ತಂಗಳು ಇಡಲು ಸಂದಿ ಓಣಿಗಿಂತ ತಕ್ಕ ಜಾಗ ಯಾವುದಿದೆ ಎಂದು ಯಾರೋ ಹಿಂದಿನಿಂದ ಅಂದರು. ನನ್ನ ಕಿವಿ ಬಿಸಿಯಾಯಿತು. ದೊಡ್ಡವ್ವ ಮಾತ್ರ ಮೇಲೆ ನೋಡುತ್ತ, ಒಳಗೇ ಏನೋ ಮಾತು ಕಲಿಯುವವಳಂತೆ ತುಟಿ ಆಡಿಸುತ್ತಿದ್ದಳು.

ಬ್ಯಾಟರಿಗಳು ಬಂದವು. ಆಳೆತ್ತರದ ಬಿಳಿ ಕಪಾಟುಗಳು. ನಮ್ಮ ಪಡಸಾಲೆ ತುಂಬಿತು, ಹೊನ್ನಪ್ಪನ ಪಡಸಾಲೆ ತುಂಬಿತು, ಓಣಿಯ ಉದ್ದಕ್ಕೂ ಯಾರ ಮನೆಯೂ ಉಳಿಯಲಿಲ್ಲ. ನನ್ನ ಹೊಲಿಗೆ ಯಂತ್ರ ಅಡುಗೆಮನೆಗೆ ಹೋಯಿತು. ಹೊರಗೆ ಕಟ್ಟೆಯ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಬಡಿದರು. ಅದು ಕೆಲಸ ಮಾಡುವಾಗ ಒಳಗಿನ ಪಂಖ ತಿರುಗಿ ಬೆಚ್ಚನೆ ಗಾಳಿಯನ್ನು ಹೊರಕ್ಕೆ ಊದುತ್ತಿತ್ತು. ಅದರ ಎದುರಿಗೆ ಸರಿಯಾಗಿ ದೊಡ್ಡವ್ವನ ಮಂಡಿ ಬರುವಂತೆ ಹೊರಸು ಹಾಕಿದ್ದು ನಾನಲ್ಲ, ಆಕೆಯೇ ಹೇಳಿ ಹಾಕಿಸಿದಳು. ಎಲ್ಲ ಮುಗಿದ ಮೇಲೆ ವಿಶಾಲಾಕ್ಷಿ ಆಕೆಯ ಪಕ್ಕ ಕೂತು ಹೇಳಿದಳು: "ಅಜ್ಜಿ, ಒಂದೇ ಒಂದು ಎಚ್ಚರ. ಈ ಓಣಿಗೆ ಬಿಸಿಲು ಬೀಳಬಾರ್ದು. ಬ್ಯಾಟರಿ ಕಾದ್ರೆ ಕೆಟ್ಟುಹೋಗುತ್ತೆ."

ದೊಡ್ಡವ್ವ ಕೆಮ್ಮು ಬರುವವರೆಗೆ ನಕ್ಕಳು. "ಯವ್ವಾ, ಅದೊಂದು ಕೆಲಸ ನಮಗ ಯಾರೂ ಕಲಸೂದು ಬ್ಯಾಡ."

ಮುಂದಿನ ಸುತ್ತಿನಲ್ಲಿ ಬಿಸಿಲು ಅಗಸಿ ಓಣಿಗೆ ಬಂದಾಗ ದೊಡ್ಡವ್ವ ಬಿಸಿಲಿಗೆ ಹೋಗಲೇಬೇಕು ಎಂದು ಹಟ ಹಿಡಿದಳು. ಮಂಡಿ ಬೆಚ್ಚಗಿದೆಯಲ್ಲ, ಯಾಕೆ ಎಂದರೆ ಹೇಳಲಿಲ್ಲ. ಹೊಸ ಸೀರೆ ಉಟ್ಟಳು. ಮತ್ತೆ ತಲೆ ಮುಂದು, ಮತ್ತೆ ಹಲಗೆಯ ಬುಡ, ಮತ್ತೆ ಮೂಗಿನ ಮೇಲೆ ತಗಡು.  ನೀಲವ್ವ ಕೊಟ್ಟ ಮಜ್ಜಿಗೆ ಕುಡಿದಳು. ಇಳಿಯುವ ಹೊತ್ತಿಗೆ, ಮೆಟ್ಟಿಲ ಬಾಯಿಗೆ ಬಂದಾಗ, "ನಿಲ್ಲಸ್ರೋ" ಎಂದಳು.

ನಿಲ್ಲಿಸಿದೆವು. ಹಿಂದೆ ಇಳಿಯಲು ಕಾದವರ ಸಾಲು ಬೆಳೆಯಿತು. ದೊಡ್ಡವ್ವ ಹೊರಸಿನ ಕಟ್ಟು ಹಿಡಿದು ಎದ್ದು ಕೂತಳು. ಸೆರಗು ಸರಿಮಾಡಿಕೊಂಡಳು. ಮಾಳಿಗೆಯ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಕೂಗುವವಳ ಹಾಗಲ್ಲ, ದಿನಾ ಆಡುವ ಮಾತು ಎಂಬಂತೆ ಅಂದಳು: "ಸಂಜಿಗೆ ನಮ್ಮ ನೆರಳಿಗೆ ಬರ್ರಿ."

 ಹಲಗೆಗಳ ಸಂದಿನಲ್ಲಿ ಒಂಟಿ ಕಾಲಲ್ಲಿ ನಿಂತವರು ಹಾಗೇ ನಿಂತರು. ಕರೆದದ್ದಂತೂ ಮೆಟ್ಟಿಲ ಬಾಯಲ್ಲಿ, ಸರಿಯಾದ ಜಾಗದಲ್ಲಿ, ಸರಿಯಾದ ರೀತಿಯಲ್ಲಿ ಕರೆದಿದ್ದಾಳೆ. ಬಿಸಿಲಿಗೆ ಕರೆದಿಲ್ಲ, ನೆರಳಿಗೆ ಕರೆದಿದ್ದಾಳೆ. ಇಲ್ಲ ಅನ್ನಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ. ಸಂಕಣ್ಣ ಬಾಯಿ ತೆರೆದ. ಅವನು ಏನನ್ನುತ್ತಿದ್ದನೋ, ಅಷ್ಟರಲ್ಲಿ ನೀಲವ್ವ ಲೋಟಗಳ ತಾಟು ಕೆಳಗಿಟ್ಟು, "ಬರ್ತೀವ್ರಿ, ಬಾಳಕ್ಕ" ಎಂದುಬಿಟ್ಟಳು.

ಆ ಸಂಜೆ ಬಿಸಿಲು ಇಳಿದ ಮೇಲೆ ಊರು ಸಂದಿ ಓಣಿಗೆ ಬಂತು. ಅವರು ಯಾರೂ ಹಿಂದೆಂದೂ ಒಳಗೆ ಬಂದವರಲ್ಲ. ತಲೆಬಾಗಿಲುಗಳು ಎಷ್ಟು ತಗ್ಗು ಎಂದು ಹಣೆಯಿಂದ ತಿಳಿದುಕೊಂಡರು. ಓಣಿ ಅಗಲವಿಲ್ಲದ್ದರಿಂದ ಸಾಲಾಗಿ ಬರಬೇಕು, ಸಾಲಿನಲ್ಲಿ ಮುಂದೆ ಯಾರು ಎಂಬ ಜಗಳ ಅಗಸಿಯವರೆಗೂ ಕೇಳಿಸಿತು. ವಿಶಾಲಾಕ್ಷಿ ಸ್ವಿಚ್ಚು ಒತ್ತಿದಳು. ಕಬ್ಬಿಣದ ಪೆಟ್ಟಿಗೆ ಗುಂಯ್ ಅಂದಿತು. ಮೊದಲು ನಮ್ಮ ಓಣಿಯ ದೀಪ, ಆಮೇಲೆ ಎಣ್ಣೆ ಓಣಿ, ಹುಣಸಿ ಓಣಿ, ಒಂದರ ಹಿಂದೆ ಒಂದು ಇಡೀ ಊರು ಹತ್ತಿಕೊಂಡಿತು. ದೊಡ್ಡವ್ವ ಮಜ್ಜಿಗೆಯ ಹರವಿಯ ಪಕ್ಕ ಕೂತು, "ಕುಂಡ್ರಿ, ಕುಂಡ್ರಿ, ಅವಸರ ಏನೈತಿ. ಕರೆಂಟ್ ರುಚಿ ಹ್ಯಾಂಗೈತಿ ಹೇಳ್ರಿ. ಹುಳಿ ಬಂದಿಲ್ಲಲ್ಲ?" ಎಂದು ಒಬ್ಬೊಬ್ಬರನ್ನೂ ಕೇಳಿದಳು. ನಾನು ಲೋಟ ತೊಳೆದು ತೊಳೆದು ಸೋತೆ.

ಸಂಕಣ್ಣ ಕೊನೆಯಲ್ಲಿ ಬಂದ. ಕುಡಿದ. ಹೋಗುವಾಗ ಪದ್ಧತಿಯಂತೆ, "ನಮ್ಮ ಬಿಸಿಲಿಗೆ ಬರ್ರಿ" ಎಂದ. ದೊಡ್ಡವ್ವ, "ನೋಡೂಣು, ಬಿಡುವಾದ್ರ ಬರ್ತೀನಿ" ಎಂದಳು.

ಅಂದಿನಿಂದ ಸಂಜೆಗಳೆಲ್ಲ ನಮ್ಮವು. ಪ್ರಾಂತ್ಯದ ಕಚೇರಿಯವರು ಬೇರೆ ಊರುಗಳಲ್ಲೂ ಇಂಥದೇ ತಂಪು ಓಣಿಗಳನ್ನು ಹುಡುಕಲು ಶುರುಮಾಡಿದ್ದಾರೆಂದು ವಿಶಾಲಾಕ್ಷಿ ಹೇಳಿದಳು. ನಮ್ಮ ಊರಲ್ಲಿ ಮಾತ್ರ ಹಿರಿಯರಿಗೆ ನಿದ್ದೆ ಹೋಯಿತು. ಬೇರೆ ಓಣಿಗಳು ತಂತಮ್ಮ ದಿನ ಕೊಟ್ಟು ಮಿಕ್ಕ ದಿನ ಸುಮ್ಮನಾಗುತ್ತಿದ್ದವು. ಸಂದಿ ಓಣಿ ದಿನ ಬಿಡದೆ ಕೊಡುತ್ತಿತ್ತು. ಮುಯ್ಯಿ ತೀರಿಸಲೆಂದು ಸಂಕಣ್ಣ ಇನ್ನಷ್ಟು ಹಲಗೆ ಹಾಕಿಸಿದ. ಆದರೆ ಅವನು ಹೆಚ್ಚು ಮಾಡಿದ ಕರೆಂಟು ಹೆಚ್ಚಾಗಿಯೇ ನಮ್ಮ ಕಪಾಟು ಸೇರಿ, ಸಂಜೆ ಅವನ ಮನೆಗೇ ನಮ್ಮದಾಗಿ ಹೋಗುತ್ತಿತ್ತು. ಕೊಟ್ಟಷ್ಟೂ ಋಣ ಬೆಳೆಯುತ್ತಿತ್ತು. ಹಲಗೆಗಳು ಕೊನೆಗೆ ಅವನ ಮಲಗುವ ಮಂಚದ ಮೇಲೂ ಬಂದವೆಂದು ನೀಲವ್ವ ನನ್ನ ಹತ್ತಿರ ಜಂಪರು ಹೊಲಿಸಲು ಬಂದಾಗ ಹೇಳಿದಳು. ಆಕೆ ತಂದದ್ದು ಬದನೆ ಬಣ್ಣದ ಬಟ್ಟೆ. ಕಂದು ಎಂದೇ ತಿಳಿದಿದ್ದೆ, ಆಕೆಯೇ ತಿದ್ದಿದಳು.

ಆ ಬಟ್ಟೆಯನ್ನು ಕಟ್ಟೆಗೆ ತಂದು ಅದಕ್ಕೆ ಹೊಂದುವ ದಾರ ಹುಡುಕುತ್ತಿದ್ದಾಗಲೇ ಹಿರಿಯರೆಲ್ಲ ಓಣಿಗೆ ಬಂದರು. ಬಿಸಿಲು ಇಳಿಯುವ ಹೊತ್ತು. ಮುಂದೆ ಸಂಕಣ್ಣ, ಕೈಯಲ್ಲಿ ತಾಟು, ತಾಟಿನಲ್ಲಿ ಕುಂಕುಮ ಮತ್ತು ಅಕ್ಕಿಕಾಳು. ಹಿಂದೆ ಎಲ್ಲ ಓಣಿಗಳವರು ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದರು. ತಾಟು ನೋಡಿ ನನ್ನ ಕೈಯಿಂದ ದಾರದ ಉಂಡೆ ಜಾರಿ, ಉರುಳುತ್ತ ಹೋಗಿ ಸಂಕಣ್ಣನ ಕಾಲಿಗೆ ತಾಗಿತು.

"ಬಾಳಕ್ಕ" ಎಂದ ಸಂಕಣ್ಣ. "ಊರಾಗಿನ ಹಿರೇರೆಲ್ಲ ಕೂಡಿ ಮಾತಾಡೀವಿ. ಇಷ್ಟು ವರ್ಷ ಸಂದಿ ಓಣಿಗೆ ಅನ್ಯಾಯ ಆತು, ಒಪ್ಪಿಕೊಂಡೀವಿ. ನಾಳಿಂದ ಪಾಳಿಯಾಗ ನಿಮ್ಮ ಓಣಿಗೂ ಬಿಸಿಲು. ಈ ತಾಟು ಮುಟ್ಟಿದ್ರ ಸಾಕು, ಮುಂಜಾನಿ ಬಂದ ಬಿಡ್ತೈತಿ."

 ಪೆಟ್ಟಿಗೆ ದೊಡ್ಡವ್ವನ ಮಂಡಿಗೆ ಬೆಚ್ಚನೆ ಗಾಳಿ ಊದುತ್ತಿತ್ತು. ನಾನು ಬಟ್ಟೆಯನ್ನು ಎದೆಗೆ ಅವಚಿಕೊಂಡು ಹತ್ತಿರ ಸರಿದು ಪಿಸುಗುಟ್ಟಿದೆ: "ದೊಡ್ಡವ್ವಾ, ಹೂಂ ಅನ್ನು. ಒಂದ ದಿನದ್ದು. ನನ್ನ ಸಲುವಾಗರ ಅನ್ನು." ನನ್ನ ಕಣ್ಣ ಮುಂದೆ ದಾರದ ಉಂಡೆಗಳು ಬಿಸಿಲಿನಲ್ಲಿ ಸಾಲುಗಟ್ಟಿದ್ದವು.

ಆಕೆ ನನ್ನ ಕಡೆ ತಿರುಗಲಿಲ್ಲ. "ಬಿಸಿಲು ಬಿದ್ರ ಬ್ಯಾಟ್ರಿ ಕೆಡ್ತಾವಂತಲ್ಲೋ ಸಂಕಣ್ಣಾ" ಎಂದಳು.

"ಅದರ ಚಿಂತಿ ನಿನಗ ಬ್ಯಾಡ" ಎಂದ ಅವನು ಬೇಗನೆ. "ನಮ್ಮ ಮಾಳಿಗಿ ಬುಡಕ ನೆಲಮನಿ ತೋಡಸೀನಿ. ಫರಸಿ ಹಾಸೀನಿ. ಭಾಳ ತಂಪೈತಿ. ಕಪಾಟೆಲ್ಲ ಅಲ್ಲೇ ತಂದು ಇಟ್ಕೊಂತೀನಿ. ಈ ವಯಸ್ಸಿನ್ಯಾಗ ನಿನಗ್ಯಾಕ ಆ ತ್ರಾಸು?"

"ನಿಮ್ಮನಿಯಾಗ?"

"ಹೂಂ, ನಮ್ಮನಿಯಾಗ."

"ತಂಗಳ?"

ಹಿಂದೆ ನಿಂತವರಲ್ಲಿ ಯಾರೋ ಕೆಮ್ಮಿದರು.  ಸಂಕಣ್ಣ ನೆಲ ನೋಡಿಕೊಂಡು, ದನಿ ಇಳಿಸಿ ಅಂದ: "ಒಂದ ದಿನ ಸಾಲೂದಿಲ್ಲಂದ್ರ ಅಗಸಿ ಓಣಿ ದಿನಾನೂ ತಗೊ, ಬಾಳಕ್ಕ. ನಮ್ಮ ಪಾಳಿ ನಿಮಗ ಬಿಟ್ಟಕೊಡ್ತೀವಿ. ಇದಕ್ಕಿಂತ ದೊಡ್ಡ ಮುಯ್ಯಿ ಈ ಊರಾಗ ಯಾರೂ ಮಾಡಿಲ್ಲ."

ಅದು ನಿಜ. ಯಾರೂ ಮಾಡಿರಲಿಲ್ಲ. ಹೊನ್ನಪ್ಪ ಬಾಗಿಲಲ್ಲಿ ಬಾಯಿ ತೆರೆದು ನಿಂತುಬಿಟ್ಟ. ನಾನು ಹೊರಸಿನ ಕಾಲನ್ನು ಮೆಲ್ಲಗೆ ಒದ್ದೆ. ದೊಡ್ಡವ್ವ ತಾಟನ್ನು ನೋಡಿದಳು, ಕುಂಕುಮ ನೋಡಿದಳು, ಸಂಕಣ್ಣನ ಮುಖ ನೋಡಿದಳು, ಕೊನೆಗೆ ನನ್ನ ಕೈಯಲ್ಲಿದ್ದ ಬಟ್ಟೆಯನ್ನೂ ನೋಡಿದಳು. ಆಮೇಲೆ ಹರವಿಯ ಕಡೆ ಬಾಗಿ, ಒಂದು ಲೋಟ ಮಜ್ಜಿಗೆ ತುಂಬಿ, ಅದನ್ನು ತಾಟಿನಲ್ಲಿ ಕುಂಕುಮದ ಮೇಲೇ ಸರಿಯಾಗಿ ಕುಕ್ಕಿದಳು.

"ಒಲ್ಲೆ" ಎಂದಳು.